ಹದಿನೇಳರ ಮಗ್ಗಿ ಬರುತ್ತಾ?

ಪಣಜಿಯಲ್ಲಿ ಕ್ಯಾಸಿನೊ ಟೇಬಲ್ ಮೇಲೆ ಜೂಜಾಟ ಆಡಿಸುವ ಹೊಸ ಡೀಲರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬೆಳಗಾವಿ, ಹುಬ್ಬಳ್ಳಿ, ಕಾರವಾರ ಕಡೆಯ ಹುಡುಗ ಹುಡುಗಿಯರು ಪ್ರತಿ ತಂಡದಲ್ಲೂ ಇಬ್ಬರು ಮೂವರಾದರೂ ಇರುತ್ತಾರೆ. ಮೊದಲ ದಿನ ಎಲ್ಲರಿಗೂ ಇಸ್ಪೀಟು ಎಲೆ ಕಲಸಿ ತೋರಿಸುವ ಆಸೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಕಲಿತ ಕೈಚಳಕ. ಎಲೆಗಳು ಬೀಸಣಿಗೆಯ ಹಾಗೆ ಅರಳುತ್ತವೆ, ಒಂದು ಕೈಯಿಂದ ಇನ್ನೊಂದಕ್ಕೆ ಹಾರುತ್ತವೆ. ನೋಡಲು ಚೆಂದ. ಕ್ಯಾಸಿನೊ ಟೇಬಲ್ ಮೇಲೆ ಹಾಗೆ ಮಾಡಿದರೆ ಅವತ್ತೇ ಮನೆಗೆ ಕಳಿಸುತ್ತಾರೆ. ಅಲ್ಲಿ ಎಲೆ ಟೇಬಲ್ ಬಿಟ್ಟು ಮೇಲೇಳುವಂತೆಯೇ ಇಲ್ಲ.

ಹಾಗಾಗಿ ಎಲೆ ಕಟ್ಟನ್ನು ಪಕ್ಕಕ್ಕೆ ಇಡಿಸಿ ನಾನು ಕೇಳುವ ಮೊದಲ ಪ್ರಶ್ನೆ: ಹದಿನೇಳರ ಮಗ್ಗಿ ಬರುತ್ತಾ?

ನಗುತ್ತಾರೆ. ಹತ್ತರವರೆಗೆ ಸರಾಗವಾಗಿ ಬರುತ್ತದೆ, ಹದಿಮೂರರಲ್ಲಿ ತೊದಲು, ಹದಿನೇಳಕ್ಕೆ ಬಂದರೆ ಎಲ್ಲರೂ ಚಾವಣಿ ನೋಡುತ್ತಾರೆ. ಆದರೆ ಅಂಕಿಗಳ ಚಕ್ರ ತಿರುಗಿಸಿ ಚೆಂಡು ಬಿಡುವ ರೂಲೆಟ್ ಆಟದ ಡೀಲರ್‌ಗೆ ಅನ್ನ ಹಾಕುವುದೇ ಈ ಮಗ್ಗಿ. ಯಾಕೆ ಅಂತ ಹೇಳುತ್ತೇನೆ.

ಯುರೋಪಿಯನ್ ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆಗಳು. ಆಟಗಾರ ಒಂದೇ ಸಂಖ್ಯೆಯ ಮೇಲೆ ಚಿಪ್ (ದುಡ್ಡಿನ ಬದಲಿನ ಬಿಲ್ಲೆ) ಇಟ್ಟು ಗೆದ್ದರೆ 35 ಪಟ್ಟು ಕೊಡಬೇಕು. ಎರಡು ಸಂಖ್ಯೆಗಳ ನಡುವಿನ ಗೆರೆಯ ಮೇಲಿಟ್ಟಿದ್ದರೆ 17 ಪಟ್ಟು. ಮೂರು ಸಂಖ್ಯೆಗಳ ಸಾಲಿಗೆ 11, ನಾಲ್ಕು ಸಂಖ್ಯೆಗಳು ಕೂಡುವ ಮೂಲೆಗೆ 8, ಆರು ಸಂಖ್ಯೆಗಳಿಗೆ 5. ಈಗ ಚೆಂಡು 20ರಲ್ಲಿ ಬಿತ್ತು ಅನ್ನಿ. ಒಬ್ಬರದ್ದೇ ಬಣ್ಣದ ಚಿಪ್‌ಗಳು: 20ರ ಮೇಲೆ 3, ಅದರ ಸುತ್ತಲಿನ ಗೆರೆಗಳ ಮೇಲೆ 7, ಮೂಲೆಗಳಲ್ಲಿ 4. ಲೆಕ್ಕ ಹಾಕಿ. 105, 119, 32. ಒಟ್ಟು 256. ಇದನ್ನು ನೀವು ಕಾಗದವಿಲ್ಲದೆ, ಬೆರಳು ಮಡಚದೆ, ನಾಲ್ಕೈದು ಸೆಕೆಂಡಿನಲ್ಲಿ ಹೇಳಬೇಕು. ಆಮೇಲೆ ಪಕ್ಕದವರದ್ದು. ಅವರ ಪಕ್ಕದವರದ್ದು. ಎದುರಿಗೆ ಒಬ್ಬರು ಕುಡಿದಿದ್ದಾರೆ, ಇನ್ನೊಬ್ಬರು "ಬೇಗ, ಬೇಗ" ಅನ್ನುತ್ತಿದ್ದಾರೆ, ಸಂಗೀತ ಕಿವಿಗೆ ಬಡಿಯುತ್ತಿದೆ.

ಕ್ಯಾಲ್ಕುಲೇಟರ್ ಕೊಡುವುದಿಲ್ಲವಾ ಎಂದು ಕೇಳಿದವರಿದ್ದಾರೆ. ಕೊಡುವುದಿಲ್ಲ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು ಅಂತ ರಾಗವಾಗಿ ಕಲಿತ ಸರ್ಕಾರಿ ಶಾಲೆಯ ಮಕ್ಕಳು ಇಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವವರಿಗಿಂತ ಬೇಗ ಮುಂದೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಟೇಬಲ್ ಮೇಲೆ ಬೇಕಾಗುವ ಇಂಗ್ಲಿಷ್ ಒಂದು ತಿಂಗಳಲ್ಲಿ ಬಾಯಿಗೆ ಬರುತ್ತದೆ. ಮಗ್ಗಿ ಹಾಗೆ ಬರುವುದಿಲ್ಲ.

ತಪ್ಪಿದರೆ ಏನಾಗುತ್ತದೆ? 37 ಮನೆಗಳಿಗೂ ಒಂದೊಂದು ಚಿಪ್ ಇಟ್ಟರೆ ಆಟಗಾರನಿಗೆ ವಾಪಸ್ ಬರುವುದು ಗೆಲುವಿನ 35, ಜೊತೆಗೆ ಆ ಸಂಖ್ಯೆಯ ಮೇಲಿಟ್ಟ ಚಿಪ್ ಸೇರಿ 36. ಉಳಿದ ಆ ಒಂದು ಚಿಪ್ಪೇ ಕ್ಯಾಸಿನೊದ ಪಾಲು. ಅಂದರೆ ಕಟ್ಟಿದ ಪ್ರತಿ ನೂರು ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ. ಮೂಲೆಯಲ್ಲಿದ್ದ ಸಾವಿರ ರೂಪಾಯಿ ಚಿಪ್ಪನ್ನು ಗೆರೆಯ ಮೇಲಿದೆ ಎಂದುಕೊಂಡು 8,000 ಕೊಡುವಲ್ಲಿ 17,000 ಕೊಟ್ಟಿರಿ ಅನ್ನಿ. ಹೋದದ್ದು 9,000. ಅದನ್ನು ದುಡಿಯಲು ಆ ಟೇಬಲ್ ಮೇಲೆ ಮೂರು ಲಕ್ಷ ಮೂವತ್ತಮೂರು ಸಾವಿರ ರೂಪಾಯಿಯ ಬೆಟ್ ಬೀಳಬೇಕು. ಕಿರಾಣಿ ಅಂಗಡಿಯ ಲಾಭದಂತೆ ಇದೂ ಸಣ್ಣ ಅಂಚಿನ ವ್ಯಾಪಾರ. ಹೊರಗಿನಿಂದ ನೋಡಿದವರಿಗೆ ಇದು ಕಾಣುವುದಿಲ್ಲ.

ಬ್ಯಾಕರಾ ಎಂಬ ಎಲೆಯಾಟದಲ್ಲಿ ಲೆಕ್ಕ ಬೇರೆ. ಅದರಲ್ಲಿ ಪ್ಲೇಯರ್, ಬ್ಯಾಂಕರ್ ಎಂದು ಎರಡು ಕಡೆ; ಬ್ಯಾಂಕರ್ ಕಡೆ ಗೆದ್ದರೆ ನೂರಕ್ಕೆ 5 ಕಮಿಷನ್ ಹಿಡಿಯಬೇಕು. 7,300ಕ್ಕೆ ಎಷ್ಟು? ಹತ್ತನೇ ಒಂದು ಪಾಲು 730, ಅದರ ಅರ್ಧ 365. ಬ್ಲ್ಯಾಕ್‌ಜಾಕ್‌ನಲ್ಲಿ ಮೊದಲ ಎರಡೇ ಎಲೆಗೆ 21 ಬಂದರೆ ಒಂದೂವರೆ ಪಟ್ಟು. ಇವೆರಡೂ ರೂಲೆಟ್‌ಗಿಂತ ಸಲೀಸು. ಅದಕ್ಕೇ ಹೊಸಬರಿಗೆ ಸಾಮಾನ್ಯವಾಗಿ ಎಲೆಯ ಆಟ ಮೊದಲು ಕಲಿಸಿ, ಆಮೇಲೆ ಚಕ್ರದ ಹತ್ತಿರ ಬಿಡುತ್ತೇವೆ.

ಅಂದರ್ ಬಾಹರ್ ಬಗ್ಗೆ ಒಂದು ಮಾತು. ನಮ್ಮ ಕಡೆ ಪತ್ರಿಕೆಯಲ್ಲಿ "ಅಂದರ್ ಬಾಹರ್: ಆರು ಜನರ ಬಂಧನ" ಎಂದು ಓದುತ್ತೇವಲ್ಲ, ಅದೇ ಆಟ. ಅರಳಿಕಟ್ಟೆಯ ಹಿಂದೆ ಆಡಿದರೆ ಪೊಲೀಸರು ಬರುತ್ತಾರೆ. ಮಾಂಡೋವಿ ನದಿಯ ಹಡಗಿನಲ್ಲಿ ಅದನ್ನೇ ನಾವು ವೇಸ್ಟ್‌ಕೋಟ್ ಹಾಕಿಕೊಂಡು ಆಡಿಸುತ್ತೇವೆ. ಒಂದು ಎಲೆ ತೆರೆದಿಟ್ಟು, ಅದೇ ಅಂಕಿಯ ಎಲೆ ಬರುವವರೆಗೆ ಅಂದರ್ (ಒಳಗೆ), ಬಾಹರ್ (ಹೊರಗೆ) ಎಂಬ ಎರಡು ಕಡೆಗೆ ಒಂದೊಂದಾಗಿ ಎಲೆ ಹಾಕುತ್ತೇವೆ. ಮೊದಲ ಎಲೆ ಬೀಳುವ ಕಡೆಗೆ ಗೆಲ್ಲುವ ಅವಕಾಶ ಒಂಚೂರು ಜಾಸ್ತಿ, ನೂರಕ್ಕೆ ಸುಮಾರು 51.5. ಹಾಗಾಗಿ ಆ ಕಡೆ ಗೆದ್ದವರಿಗೆ ನೂರಕ್ಕೆ ನೂರು ಕೊಡದೆ 90 ಕೊಡುವುದು ಸಾಮಾನ್ಯ ಪದ್ಧತಿ. ಕಟ್ಟೆಯ ಮೇಲೆ ಆಡುವವರಿಗೆ ಇದು ಗೊತ್ತಿರುವುದಿಲ್ಲ.

ಮಗ್ಗಿ ಆಯಿತು. ಎರಡನೆಯದು ಕೈ.

ಕ್ಯಾಸಿನೊದಲ್ಲಿ ನಿಮ್ಮ ತಲೆಯ ಮೇಲೆ ಯಾವಾಗಲೂ ಕ್ಯಾಮೆರಾ ಇರುತ್ತದೆ. ಕ್ಯಾಮೆರಾಕ್ಕೆ ಮುಖ ಬೇಡ, ಕೈ ಬೇಕು. ಟೇಬಲ್‌ಗೆ ಬಂದಾಗ, ಬಿಟ್ಟು ಹೋಗುವಾಗ ಎರಡೂ ಅಂಗೈ ಒಳಗೆ ಹೊರಗೆ ತಿರುಗಿಸಿ ತೋರಿಸಬೇಕು. ಮೂಗು ತುರಿಸಿದರೂ ತೋರಿಸಬೇಕು. ಯೂನಿಫಾರ್ಮ್‌ಗೆ ಜೇಬು ಇರುವುದಿಲ್ಲ, ಇದ್ದರೂ ಹೊಲಿದಿರುತ್ತಾರೆ. ಆಟಗಾರ ನೋಟು ಕೊಟ್ಟರೆ ಕೈಯಿಂದ ಕೈಗೆ ತೆಗೆದುಕೊಳ್ಳುವಂತಿಲ್ಲ. ಅವರು ಟೇಬಲ್ ಮೇಲೆ ಇಡಬೇಕು, ನೀವು ಸಾಲಾಗಿ ಹರಡಿ ಎಣಿಸಿ, ಮೊತ್ತ ಜೋರಾಗಿ ಹೇಳಿ, ಆಮೇಲೆ ಪೆಟ್ಟಿಗೆಯೊಳಗೆ ತಳ್ಳಬೇಕು. 20 ಚಿಪ್‌ಗಳ ಒಂದು ಕಂಬ. ಅದನ್ನು ಐದೈದಾಗಿ ಕತ್ತರಿಸಿ ಸಾಲಾಗಿ ಇಟ್ಟರೆ ಮೇಲಿನಿಂದ ನೋಡುವವರಿಗೂ ಲೆಕ್ಕ ಸಿಗುತ್ತದೆ. ನೋಡದೆ, ಬೆರಳಿನ ಅಂದಾಜಿನಲ್ಲೇ ಐದು ಚಿಪ್ ಬೀಳಿಸುವುದಕ್ಕೆ ಎರಡು ಮೂರು ವಾರ ಬೇಕು. ಹೆಬ್ಬೆರಳ ಬುಡ ನೋಯುತ್ತದೆ.

ನನ್ನದೇ ಒಂದು ಕಥೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಒಬ್ಬರಿಗೆ ಜಾಸ್ತಿ ಕೊಟ್ಟುಬಿಟ್ಟೆ. ಕೊಟ್ಟ ಮರುಕ್ಷಣವೇ ಗೊತ್ತಾಯಿತು. ಗಾಬರಿಯಾಗಿ ಅವರ ಮುಂದಿದ್ದ ಕಂಬಕ್ಕೆ ಕೈ ಹಾಕಿ ನಾಲ್ಕು ಚಿಪ್ ವಾಪಸ್ ಎಳೆದುಕೊಂಡೆ. ಅವರು ಕೂಗಾಡಿದರು, ಆಟ ನಿಂತಿತು, ಮೇಲಿನವರು ರೆಕಾರ್ಡಿಂಗ್ ನೋಡಿದರು. ಲೆಕ್ಕ ತಪ್ಪಿದ್ದಕ್ಕೆ ಯಾರೂ ಬೈಯಲಿಲ್ಲ. ಕೈ ಹಾಕಿದ್ದಕ್ಕೆ ಒಂದು ವಾರ ನನಗೆ ಟೇಬಲ್ ಸಿಗಲಿಲ್ಲ, ಚಿಪ್ ಒರೆಸುತ್ತ ಕೂತೆ. ತಪ್ಪಾಯಿತು ಅನ್ನಿಸಿದರೆ ಕೈ ಅಲ್ಲೇ ನಿಲ್ಲಬೇಕು, ಟೇಬಲ್ ಮೇಲ್ವಿಚಾರಣೆಯ ಇನ್‌ಸ್ಪೆಕ್ಟರ್‌ನನ್ನು ಕರೆಯಬೇಕು. ಸರಿ ಮಾಡುವ ಕೆಲಸ ನಿಮ್ಮದಲ್ಲ. ಮನೆಯಲ್ಲಿ "ನಿನ್ನ ತಪ್ಪು ನೀನೇ ತಿದ್ದಿಕೋ" ಅಂತ ಬೆಳೆಸಿರುತ್ತಾರಲ್ಲ, ಹೊಸಬರಿಗೆ ಇದು ಮಗ್ಗಿಗಿಂತ ಕಷ್ಟ.

ಇನ್ನು ಕೆಲಸ ಎಲ್ಲಿ ಸಿಗುತ್ತದೆ? ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಗೋವಾದ 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಮಷೀನ್‌ಗೆ, 1996ರಲ್ಲಿ ಹಡಗುಗಳ ಮೇಲೆ ಟೇಬಲ್ ಆಟಕ್ಕೆ ಅವಕಾಶ ಕೊಟ್ಟರು. ಆ ಹಡಗುಗಳೇ ಪಣಜಿಯ ಮುಂದೆ ಮಾಂಡೋವಿಯಲ್ಲಿ ನಿಂತಿರುವುದು. ಅವುಗಳನ್ನು ಅಲ್ಲಿಂದ ಬೇರೆ ಕಡೆ ಸಾಗಿಸಬೇಕು ಎಂಬ ಮಾತು ವರ್ಷಗಳಿಂದ ಇದೆ. ಸಿಕ್ಕಿಂ 2002ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿದೆ, ಗ್ಯಾಂಗ್ಟಕ್‌ನಲ್ಲಿ ಕ್ಯಾಸಿನೊ ಇದೆ. ಗೋವಾದ ಟೇಬಲ್‌ಗಳ ಹಿಂದೆ ನಿಂತವರಲ್ಲಿ ನೇಪಾಳದವರು, ಈಶಾನ್ಯ ರಾಜ್ಯಗಳವರು ಬಹಳ ಜನ. ಕೈ ಶುದ್ಧ, ಮಾತು ಕಮ್ಮಿ. ಅವರಿಂದ ನಾನು ತುಂಬಾ ಕಲಿತಿದ್ದೇನೆ.

ಬೆಂಗಳೂರಿನ ಹೊರಗಿನ ಯಾವುದೋ ಫಾರ್ಮ್‌ಹೌಸ್ ಪಾರ್ಟಿಗೆ "ಒಂದೇ ರಾತ್ರಿ, ಕೈತುಂಬ ದುಡ್ಡು" ಎಂದು ಡೀಲರ್‌ಗಳನ್ನು ಕರೆಯುವವರಿದ್ದಾರೆ. ಹೋಗಬೇಡಿ. ಕರ್ನಾಟಕ ಪೊಲೀಸ್ ಕಾಯಿದೆಯ ಕೆಳಗೆ ದಾಳಿಯಾದರೆ ಎಲೆ ಹಂಚಿದವರ ಹೆಸರೂ ಎಫ್‌ಐಆರ್‌ನಲ್ಲಿ ಬರುತ್ತದೆ. ಆಮೇಲೆ ಯಾವ ಕ್ಯಾಸಿನೊವೂ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ.

ಎರಡು ಮೂರು ವರ್ಷ ಅನುಭವ ಆದಮೇಲೆ ಹೆಚ್ಚಿನವರ ಕಣ್ಣು ಕ್ರೂಸ್ ಹಡಗಿನ ಮೇಲೆ. ನಾನೂ ಹೋಗಿದ್ದೆ. ಅದಕ್ಕೆ ಬೇಕಾದದ್ದು ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ, ಎಸ್‌ಟಿಸಿಡಬ್ಲ್ಯು ಎಂಬ ಹಡಗಿನ ಸುರಕ್ಷತಾ ತರಬೇತಿ, ವೈದ್ಯಕೀಯ ಪರೀಕ್ಷೆ, ಅಮೆರಿಕದ ಬಂದರು ಮುಟ್ಟುವ ಹಡಗಾದರೆ ಹಡಗಿನ ನೌಕರರಿಗೆ ಕೊಡುವ ಸಿ1/ಡಿ ವೀಸಾ. ಬಂದರಿನಲ್ಲಿ ನಿಂತಾಗ ಕ್ಯಾಸಿನೊ ಸಾಮಾನ್ಯವಾಗಿ ಮುಚ್ಚಿರುತ್ತದೆ. ಹಾಗಾಗಿ ಹಡಗಿನ ಬೇರೆ ಕೆಲಸದವರಿಗಿಂತ ನಮಗೆ ಊರು ನೋಡುವ ಯೋಗ ಜಾಸ್ತಿ. ಕೆಲಸ ಕೊಡಿಸುವ ಏಜೆಂಟರಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಪರವಾನಗಿ ಇರಲೇಬೇಕು. ನೌಕರನಿಂದ ನೇಮಕದ ಶುಲ್ಕ ತೆಗೆದುಕೊಳ್ಳುವಂತೆಯೇ ಇಲ್ಲ. ಹೊಲ ಅಡವಿಟ್ಟು ಎರಡು ಲಕ್ಷ ಕೊಟ್ಟವರೊಬ್ಬರು ನನ್ನ ಹತ್ತಿರ ಬಂದಿದ್ದರು. ಏನೂ ಮಾಡಲಾಗಲಿಲ್ಲ.

ಚೀನಾದ ಮಕಾವ್‌ನಲ್ಲಿ ಕೆಲಸ ಕೊಡಿಸುತ್ತೇನೆ ಎಂದರೆ ಅಲ್ಲೇ ಎದ್ದು ಬನ್ನಿ. ಅಲ್ಲಿ ಸ್ಥಳೀಯರನ್ನು ಬಿಟ್ಟು ಹೊರಗಿನವರು ಡೀಲರ್ ಆಗುವಂತಿಲ್ಲ. ಲಾವೋಸ್, ಕಾಂಬೋಡಿಯ, ಮ್ಯಾನ್ಮಾರ್ ಎಂದರೆ ಇನ್ನೂ ಹುಷಾರು. ಒಳ್ಳೆ ಸಂಬಳದ ಆಸೆ ತೋರಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ಮೋಸದ ಕೆಲಸಕ್ಕೆ ಕೂರಿಸಿದ್ದರ ಬಗ್ಗೆ ನಮ್ಮ ರಾಯಭಾರ ಕಚೇರಿಗಳೇ ಮತ್ತೆ ಮತ್ತೆ ಎಚ್ಚರಿಸಿವೆ. ಕರಾವಳಿಯವರು ಈಗ ಜಾಸ್ತಿ ಕೇಳುವುದು ಯುಎಇಯ ರಾಸ್ ಅಲ್ ಖೈಮಾ ಬಗ್ಗೆ. ಯುಎಇಯಲ್ಲಿ ಜೂಜಿನ ನಿಯಂತ್ರಣಕ್ಕೆ 2023ರಲ್ಲಿ ಪ್ರಾಧಿಕಾರ ರಚನೆಯಾಯಿತು. ಅಲ್ಲಿನ ಅಲ್ ಮರ್ಜಾನ್ ದ್ವೀಪದ ವಿನ್ ರೆಸಾರ್ಟ್‌ಗೆ 2024ರಲ್ಲಿ ಮೊದಲ ಕ್ಯಾಸಿನೊ ಪರವಾನಗಿ ಸಿಕ್ಕಿತು. ಅಲ್ಲಿಗೆ ಹೋಗುವ ಮನಸ್ಸಿದ್ದರೆ ನೇರವಾಗಿ ಕಂಪನಿಗೇ ಅರ್ಜಿ ಹಾಕಿ, ನಡುವಿನವರನ್ನು ನಂಬಬೇಡಿ.

ಸಂಬಳಕ್ಕಿಂತ ಟಿಪ್ಸ್ ಮಾತು ಜಾಸ್ತಿ ನಡೆಯುತ್ತದೆ. ಹೆಚ್ಚಿನ ಕಡೆ ಎಲ್ಲರ ಟಿಪ್ಸ್ ಒಂದೇ ಪೆಟ್ಟಿಗೆಗೆ ಬಿದ್ದು ಆಮೇಲೆ ಹಂಚಿಕೆಯಾಗುತ್ತದೆ. ಹಂಚುವ ನಿಯಮ ಏನು, ರೂಮು ಊಟ ಯಾರದ್ದು ಎಂದು ಸೇರುವ ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ. ರಾತ್ರಿ ಪಾಳಿ, ನಿಂತೇ ಕೆಲಸ. ಗಂಟೆಗೊಮ್ಮೆ ಇಪ್ಪತ್ತು ನಿಮಿಷದ ಬಿಡುವು ಕೊಡುತ್ತಾರೆ, ಸುಮ್ನೆ ಅಲ್ಲ. ತಲೆ ದಣಿದರೆ ಮಗ್ಗಿ ತಪ್ಪುತ್ತದೆ. ಸೋತವರು ಬೈಯುತ್ತಾರೆ. ನಿಮ್ಮ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ನೀವು ಬೇಕೆಂದೇ ಚೆಂಡನ್ನು ಅಲ್ಲಿ ಬೀಳಿಸಿದಿರಿ ಎನ್ನುತ್ತಾರೆ. ಕ್ಯಾಸಿನೊಗೆ ಅದರ ಅಗತ್ಯವೇ ಇಲ್ಲ, ಆ ಮೂವತ್ತೇಳನೆಯ ಮನೆ ಇದೆಯಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಅದನ್ನು ಯಾರಿಗೆ ಹೇಳುವುದು? "ಗುಡ್ ಲಕ್ ಸರ್" ಎಂದು ಚಕ್ರ ತಿರುಗಿಸುವುದು, ಅಷ್ಟೇ.

ನನ್ನಮ್ಮ ಮೊದಲ ನಾಲ್ಕು ವರ್ಷ ಶಿರಸಿಯಲ್ಲಿ ಎಲ್ಲರಿಗೂ "ಗೋವಾದಲ್ಲಿ ಹೋಟೆಲ್ ಕೆಲಸ" ಎಂದೇ ಹೇಳುತ್ತಿದ್ದರು. ಶಕುನಿಯ ಕಥೆ ಕೇಳಿ ಬೆಳೆದ ಊರು, ಅವರನ್ನು ದೂರಿ ಏನು? ನೀವೇ ಜೂಜಾಡುವವರಾದರೆ ಮಾತ್ರ ಈ ಕೆಲಸಕ್ಕೆ ಬರಬೇಡಿ ಎಂದು ನಾನು ಮುಖಕ್ಕೇ ಹೇಳುತ್ತೇನೆ. ನಿಮ್ಮ ಕ್ಯಾಸಿನೊದಲ್ಲಿ ಆಡಲು ನಿಮಗೆ ಬಿಡುವುದಿಲ್ಲ, ಪಕ್ಕದ್ದಕ್ಕೆ ಹೋಗುತ್ತೀರಿ. ತಿಂಗಳ ಸಂಬಳ ಒಂದು ರಾತ್ರಿಯಲ್ಲಿ ಕಳೆದು ಬೆಳಗ್ಗೆ ಬಸ್ಸಿನ ದುಡ್ಡಿಗೆ ಕೈ ಚಾಚಿದವರನ್ನು ನೋಡಿದ್ದೇನೆ.

ಸಂದರ್ಶನಕ್ಕೆ ಹೋಗುವವರಿಗೆ: ಮನೆಯಲ್ಲಿ ಒಂದು ರೂಪಾಯಿಯ 20 ನಾಣ್ಯ ಇಟ್ಟುಕೊಂಡು ಐದೈದಾಗಿ ಬೀಳಿಸುವುದನ್ನು ರೂಢಿ ಮಾಡಿ, ಟಿವಿ ನೋಡುತ್ತಲೇ ಮಾಡಿ. 5, 8, 11, 17, 35ರ ಮಗ್ಗಿ ಇಪ್ಪತ್ತರವರೆಗೆ, ಹಿಂದಿನಿಂದಲೂ ಬರಬೇಕು. ಉಗುರು ಕತ್ತರಿಸಿ. ಉಂಗುರ, ಕೈಗಡಿಯಾರ ಮನೆಯಲ್ಲೇ ಬಿಟ್ಟು ಹೋಗಿ.