ದುಬೈ ಮಾವ ತಂದ ವೀ ಅಟ್ಟ ಸೇರಿದ್ದು ಯಾಕೆ?

ಪ್ರಶ್ನೆ: ಮಾವ ದುಬೈಯಿಂದ ತಂದ ನಿಂಟೆಂಡೊ ಕಂಪನಿಯ ವೀ ಎಂಬ ಟಿವಿ ಆಟದ ಯಂತ್ರ ನಮ್ಮ ಉಡುಪಿ ಮನೆಯಲ್ಲಿ ಇನ್ನೂ ಉಂಟು. ಅಷ್ಟೊಂದು ಮಾರಾಟವಾದ ಯಂತ್ರವನ್ನು ಆಟದ ಹುಚ್ಚಿನವರೇ ಯಾಕೆ ಕೈಬಿಟ್ಟರು?

ಈ ಪ್ರಶ್ನೆ ಬರುವುದು ಹೆಚ್ಚಾಗಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಅಟ್ಟದ ಸಾಮಾನು ಕೆಳಗಿಳಿದಾಗ. ಮಾರಾಟದಲ್ಲಿ ವೀಗೆ ಕೊರತೆಯೇ ಇರಲಿಲ್ಲ ಮಾರಾಯ್ರೆ. 2006ರ ನವೆಂಬರಿನಲ್ಲಿ ಬಂದ ಅದು ಒಟ್ಟು 10 ಕೋಟಿ ದಾಟಿತು. ಅದೇ ಕಾಲದ ಎದುರಾಳಿ ಯಂತ್ರಗಳಾದ ಸೋನಿಯ ಪಿಎಸ್3, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಎರಡೂ ಅದರ ಹಿಂದೆಯೇ ಉಳಿದವು.

ಕದ್ರಿಯ ದೊಡ್ಡಮ್ಮನ ಮನೆಯಲ್ಲಿ ನಾನು ಮೊದಲು ವೀ ನೋಡಿದ್ದು. ಕೈಯ ರಿಮೋಟನ್ನೇ ಬೀಸಿ ಆಡುವುದು ಅದರ ವಿಶೇಷ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿಮೋಟಿನ ಪಟ್ಟಿಯನ್ನು ಬಳೆಗಳ ಹಿಂದೆ ಬಿಗಿದು, ದೊಡ್ಡಮ್ಮ ಬೌಲಿಂಗಿಗೆ (ಕ್ರಿಕೆಟಿನದ್ದಲ್ಲ, ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ) ನಿಂತರೆ ಮಕ್ಕಳೆಲ್ಲ ಗೋಡೆಗೆ ಒರಗಬೇಕು. ಅದುವರೆಗೆ ಆಟದ ಕಂಟ್ರೋಲರ್ ಮುಟ್ಟದ ಹೆಂಗಸು! ಆದರೆ ಎರಡನೇ ವಾರಕ್ಕೆ ಅವರ ಮಗ ಗುಟ್ಟು ಕಂಡುಹಿಡಿದ. ಸೋಫಾದಲ್ಲಿ ಕಾಲು ಚಾಚಿ, ಮಣಿಕಟ್ಟು ಮಾತ್ರ ಚಟಕ್ಕೆಂದು ಕುಣಿಸಿ, ಟೆನಿಸ್‌ನಲ್ಲಿ ಎಲ್ಲರನ್ನೂ ಸೋಲಿಸಿದ. ಓಡುವ ಕೆಲಸ ಪರದೆಯ ಬೊಂಬೆಯದ್ದೇ. ರಿಮೋಟಿನೊಳಗಿನ ಸಂವೇದಕಕ್ಕೆ ಚಲನೆಯ ವೇಗ ಏರಿಳಿದದ್ದು ತಿಳಿಯುತ್ತಿತ್ತು, ಕೈ ನಿಜಕ್ಕೂ ಎಷ್ಟು ತಿರುಗಿತು ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಪಳಗಿದ ಆಟಗಾರನಿಗೆ ಬೇಕಾದದ್ದು ಆ ಸೂಕ್ಷ್ಮವೇ.

ನಿಂಟೆಂಡೊ ಇದನ್ನು ಸರಿಮಾಡದೆ ಬಿಡಲಿಲ್ಲ. 2009ರಲ್ಲಿ ರಿಮೋಟಿನ ಬಾಲಕ್ಕೆ ಸಿಕ್ಕಿಸುವ ಮೋಷನ್ ಪ್ಲಸ್ ಬಂತು, ಒಳಗೆ ಕೈ ತಿರುಗಿದ್ದನ್ನು ಅಳೆಯುವ ಗೈರೊಸ್ಕೋಪ್. ಆದರೆ ಅದನ್ನೇ ನೆಚ್ಚಿದ ದೊಡ್ಡ ಆಟ, ನಿಂಟೆಂಡೊದ ಜೆಲ್ಡಾ ಸಾಹಸ ಸರಣಿಯದ್ದು, ಬಂದದ್ದು 2011ರ ನವೆಂಬರಿನಲ್ಲಿ. ಅಷ್ಟರಲ್ಲಿ ಮುಂದಿನ ಯಂತ್ರವಾದ ವೀ ಯುನ ಘೋಷಣೆಯೇ ಆಗಿಹೋಗಿತ್ತು.

(ರಿಮೋಟ್ ಪರದೆಯ ಎಲ್ಲಿಗೆ ಗುರಿಯಿಟ್ಟಿದೆ ಎಂದು ತಿಳಿಯಲು ಟಿವಿಯ ಮೇಲಿಡುವ ‘ಸೆನ್ಸರ್ ಬಾರ್’ ಎಂಬ ಪಟ್ಟಿಯಲ್ಲಿ ಸೆನ್ಸರೇ ಇಲ್ಲ. ಅದರ ಎರಡು ತುದಿಗಳಲ್ಲಿ ಇನ್‌ಫ್ರಾರೆಡ್ ದೀಪಗಳು, ಅಷ್ಟೆ. ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ದೊಡ್ಡಮ್ಮನ ಮನೆಯ ಬಾರಿನ ವಯರನ್ನು ಇಲಿ ಕಡಿದಾಗ ನಾವು ಟಿವಿಯ ಮುಂದೆ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದ್ದುಂಟು.)

ಆಟಗಾರರು ಹೋದ ದೊಡ್ಡ ಕಾರಣ ಯಂತ್ರದ ಶಕ್ತಿ. ವೀ ಒಳಗಿದ್ದದ್ದು ನಿಂಟೆಂಡೊದ್ದೇ ಹಳೆಯ ಯಂತ್ರ, 2001ರ ಗೇಮ್‌ಕ್ಯೂಬಿನ ತಿದ್ದಿದ ರೂಪ. ಮೆಮೊರಿ 88 ಎಂಬಿ; ಎದುರಾಳಿಗಳಲ್ಲಿ 512. ಚಿತ್ರದ ಸ್ಪಷ್ಟತೆ 480ಪಿ, ಅಂದರೆ ಹಳೆಯ ಟಿವಿಯ ಮಟ್ಟ, ದಾಟುತ್ತಿರಲಿಲ್ಲ, ಮನೆಮನೆಗೆ ಎಚ್‌ಡಿ ಟಿವಿ ಬರುತ್ತಿದ್ದ ಕಾಲದಲ್ಲಿ. ಹಾಗಾಗಿ 2008ರ ಜಿಟಿಎ 4 (ಗ್ರ್ಯಾಂಡ್ ಥೆಫ್ಟ್ ಆಟೊ 4)ರಂಥ ದೊಡ್ಡ ಆಟಗಳು ಇತ್ತ ಬರಲೇ ಇಲ್ಲ. ಬಂದವುಗಳಲ್ಲಿ ಬಹಳಷ್ಟು ರಿಮೋಟ್ ಬೀಸುವ ಚಿಲ್ಲರೆ ಆಟಗಳು. ದೊಡ್ಡಮ್ಮನಂಥವರಿಗೆ ಜೊತೆಗೆ ಬಂದ ವೀ ಸ್ಪೋರ್ಟ್ಸ್ ಒಂದೇ ಸಾಕಿತ್ತು, ಎರಡನೇ ಡಿಸ್ಕ್ ಕೊಳ್ಳಲಿಲ್ಲ. ಅವರ ಮಗನಿಗೆ ಡಿಸ್ಕ್ ಕೊಳ್ಳುವ ಆಸೆ ಇತ್ತು, ಬೇಕಾದ ಆಟ ಇರಲಿಲ್ಲ. ಅಮೆರಿಕದಿಂದ ಭಾವ ತಂದ ಒಂದು ಡಿಸ್ಕೂ ನಮ್ಮ ಯೂರೋಪ್ ಮಾದರಿಯ ಯಂತ್ರದಲ್ಲಿ ಓಡಲಿಲ್ಲ; ಪ್ರದೇಶದ ಬೀಗ, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಯಂತ್ರದಲ್ಲಿ ನಡೆಯದು.

ಆನ್‌ಲೈನ್ ಕಥೆ ಇನ್ನೂ ಕಷ್ಟದ್ದು. ಗೆಳೆಯನೊಡನೆ ಆಡಬೇಕಾದರೆ 12 ಅಂಕಿಯ ಫ್ರೆಂಡ್ ಕೋಡ್, ಅದೂ ಒಂದೊಂದು ಆಟಕ್ಕೆ ಒಂದೊಂದು. ಅವನು ನಿಮ್ಮದನ್ನು ಸೇರಿಸಿಕೊಳ್ಳುವ ತನಕ ಎಂತದ್ದೂ ಆಗದು. ಸುರತ್ಕಲ್‌ನ ಗೆಳೆಯನೊಬ್ಬ ಫೋನಿನಲ್ಲಿ ಅಂಕಿ ಓದಿ ಹೇಳಿ, ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಒಂದು ಅಂಕಿ ತಪ್ಪಿ, ಮತ್ತೆ ಫೋನು.

2012ರಲ್ಲಿ ಬಂದ ವೀ ಯು ಹೊಸ ಯಂತ್ರವೋ ಹಳೆಯದಕ್ಕೆ ಜೋಡಿಸುವ ಪರಿಕರವೋ ಎಂದೇ ಬಹಳ ಜನಕ್ಕೆ ಅರ್ಥವಾಗಲಿಲ್ಲ. ಮಾರಾಟ 1 ಕೋಟಿ 36 ಲಕ್ಷದ ಆಸುಪಾಸಿಗೆ ನಿಂತಿತು. ಸುಮ್ಮನೆ ಆಡುತ್ತಿದ್ದವರು ಆಗಲೇ ಫೋನಿನ ಆಟಗಳಿಗೆ ಹೊರಳಿದ್ದರು. 2014ರ ಮೇಯಲ್ಲಿ ವೀಯ ಆನ್‌ಲೈನ್ ಸೇವೆ ನಿಂತಿತು, 2019ರ ಜನವರಿಯಲ್ಲಿ ಅದರ ಆನ್‌ಲೈನ್ ಅಂಗಡಿಯೂ.

ಕೈಬಿಡದವರೂ ಇದ್ದಾರೆ. ಅಧಿಕೃತ ಸೇವೆ ನಿಂತ ಕೂಡಲೇ ಅಭಿಮಾನಿಗಳು ವಿಮ್‌ಫೈ ಎಂಬ ಸರ್ವರ್ ಕಟ್ಟಿ ಮಾರಿಯೊ ಕಾರ್ಟ್ ಎಂಬ ರೇಸ್ ಆಟವನ್ನು ಆನ್‌ಲೈನಿನಲ್ಲಿ ಓಡಿಸಿಕೊಂಡು ಬಂದರು. ನೀವೂ ಶುರು ಮಾಡುವುದಾದರೆ ಮೊದಲು ರಿಮೋಟಿನ ಹಿಂಬದಿ ತೆಗೆದು ನೋಡಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಒಳಗಿನ ಪೆನ್ಸಿಲ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿರುತ್ತದೆ. ಸೆಲ್ ತೆಗೆದು, ಹತ್ತಿಗೆ ಚೂರು ವಿನೆಗರ್ ಮುಟ್ಟಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ.