ಬೆಲ್ಟ್ ಕೂರಬೇಕಾದದ್ದು ಮೂಳೆಯ ಮೇಲೆ

ಅಪಘಾತವಾದ ಕಾರಿನಲ್ಲಿದ್ದ ಮಗುವನ್ನು ಆಸ್ಪತ್ರೆಗೆ ತಂದಾಗ, ಉಸಿರು ನಾಡಿ ಸರಿ ಇದೆ ಅಂತ ಗೊತ್ತಾದ ಮೇಲೆ ನಾನು ಅಂಗಿ ಎತ್ತಿ ಹೊಟ್ಟೆ ನೋಡುತ್ತೇನೆ. ಎಷ್ಟೋ ಸಲ ಮಗು ಆರಾಮಾಗಿ ಮಾತಾಡುತ್ತಿರುತ್ತದೆ, ಬಿಸ್ಕತ್ತು ಬೇಕು ಅನ್ನುತ್ತಿರುತ್ತದೆ. "ಏನೂ ಆಗಿಲ್ಲ ಡಾಕ್ಟ್ರೇ, ಬೆಲ್ಟ್ ಹಾಕಿದ್ವಿ" ಅಂತ ಅಪ್ಪ ಹೇಳುತ್ತಿರುತ್ತಾರೆ. ನಾನು ಹುಡುಕುವುದು ಹೊಕ್ಕುಳಿನ ಆಸುಪಾಸಿನಲ್ಲಿ ಅಡ್ಡಕ್ಕೆ ಬಿದ್ದಿರುವ ಗೆರೆಯನ್ನು. ಎರಡು ಮೂರು ಬೆರಳಗಲ, ತರಚಿದ ಚರ್ಮ, ಅಂಚಿನಲ್ಲಿ ನೀಲಿಗಟ್ಟಿದ ರಕ್ತ. ಸೀಟ್ ಬೆಲ್ಟಿನ ಅಚ್ಚು ಅದು. ಆ ಗೆರೆ ಕಂಡರೆ ಮಗು ಎಷ್ಟೇ ನಗುತ್ತಿದ್ದರೂ ಮನೆಗೆ ಕಳಿಸುವುದಿಲ್ಲ.

ಡಿಕ್ಕಿಯ ಹೊತ್ತಿನಲ್ಲಿ ಹೊಟ್ಟೆಯ ಮೇಲಿದ್ದ ಬೆಲ್ಟ್ ಒಳಕ್ಕೆ ಒತ್ತುತ್ತದೆ. ಮುಂದೆ ಬೆಲ್ಟ್, ಹಿಂದೆ ಬೆನ್ನುಮೂಳೆ, ನಡುವೆ ಕರುಳು. ಕರುಳು ಆಗಲೇ ಹರಿಯಬಹುದು, ಅಥವಾ ಜಜ್ಜಿದ ಜಾಗ ಮಾರನೇ ದಿನ ತೂತಾಗಬಹುದು. ಮೊದಲ ಸ್ಕ್ಯಾನಿನಲ್ಲಿ ಎಲ್ಲ ಚೆನ್ನಾಗಿಯೇ ಕಂಡು, ರಾತ್ರಿ ಹೊತ್ತಿಗೆ ವಾಂತಿ, ಜ್ವರ, ಗಟ್ಟಿಯಾದ ಹೊಟ್ಟೆ ಶುರುವಾಗುವುದುಂಟು. ಜೊತೆಗೆ ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಯೂ ಮುರಿದಿರಬಹುದು. ಅದಕ್ಕೇ ಹಾಸಿಗೆ ಕೊಟ್ಟು, ಗಂಟೆ ಗಂಟೆಗೂ ಹೊಟ್ಟೆ ಮುಟ್ಟಿ ನೋಡುತ್ತೇವೆ.

ಹಾಗಾದ್ರೆ ಬೆಲ್ಟ್ ಹಾಕದಿದ್ದರೇ ಒಳ್ಳೇದಿತ್ತಾ? ಖಂಡಿತ ಇಲ್ಲ. ಬೆಲ್ಟ್ ಇಲ್ಲದ ಮಗು ಮುಂದಿನ ಸೀಟಿಗೋ ಗಾಜಿಗೋ ಹೋಗಿ ಬಡಿಯುತ್ತದೆ, ಇಲ್ಲವೇ ಕಾರಿನಿಂದ ಹೊರಗೇ ಬೀಳುತ್ತದೆ. ಅಂಥ ಮಕ್ಕಳ ತಲೆಗೆ ಬಿದ್ದ ಪೆಟ್ಟಿನ ಮುಂದೆ ಕರುಳಿನ ಗಾಯ ಎಷ್ಟೋ ವಾಸಿ, ಹೊಲಿದು ಸರಿಮಾಡಬಹುದು. ಬೆಲ್ಟ್ ತನ್ನ ಕೆಲಸ ಮಾಡಿದೆ. ಆದರೆ ಆ ಬೆಲ್ಟ್ ಮಾಡಿದ್ದು ದೊಡ್ಡವರ ಮೈಗೆ, ಮಗುವಿನ ಮೈಗಲ್ಲ.

ಈಗ ನಾವು ಹಾಕುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಕಂಪನಿ ಆ ಪೇಟೆಂಟನ್ನು ಬೇರೆ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. ಅದರ ಜಾಣತನ ಇರುವುದು ಬಟ್ಟೆಯಲ್ಲಲ್ಲ, ಅದು ಹಾದುಹೋಗುವ ದಾರಿಯಲ್ಲಿ. ಹೆಗಲ ಮೂಳೆ, ಎದೆಯ ಗೂಡು, ಸೊಂಟದ ಮೂಳೆ. ಮೈಯಲ್ಲಿ ಪೆಟ್ಟು ತಡೆಯಬಲ್ಲ ಗಟ್ಟಿ ಜಾಗಗಳು ಇವೇ. ಕುತ್ತಿಗೆ, ಹೊಟ್ಟೆ ಮೆತ್ತಗಿನ ಜಾಗಗಳು, ಅಲ್ಲಿ ಬೆಲ್ಟ್ ಬರಲೇಬಾರದು. ಸೀಟ್ ಬೆಲ್ಟ್ ಬಗ್ಗೆ ನಾನು ಹೇಳುವುದೆಲ್ಲ ಇಷ್ಟರಿಂದಲೇ ಹುಟ್ಟುತ್ತದೆ.

ಆರು ವರ್ಷದ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಒಮ್ಮೆ ಪಕ್ಕದಿಂದ ನೋಡಿ. ಸೀಟಿನ ಉದ್ದ ದೊಡ್ಡವರ ತೊಡೆಗೆ ಮಾಡಿದ್ದು. ಮಗು ಬೆನ್ನು ಒರಗಿಸಿ ಕೂತರೆ ಮಂಡಿ ಸೀಟಿನ ಅಂಚಿಗೆ ಬರುವುದಿಲ್ಲ, ಕಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಎರಡು ನಿಮಿಷದಲ್ಲಿ ಸೊಂಟ ಮುಂದಕ್ಕೆ ಜಾರಿಸಿ ಮಂಡಿ ಮಡಚಿಕೊಳ್ಳುತ್ತದೆ. ಆಗ ತೊಡೆಯ ಮೇಲಿದ್ದ ಪಟ್ಟಿ ಹೊಟ್ಟೆಗೆ ಏರುತ್ತದೆ. ನಮ್ಮ ಸೊಂಟದ ಮೂಳೆಯ ಮುಂದುಗಡೆ ಕೈಗೆ ಸಿಗುವ ಏಣು ಇದೆಯಲ್ಲ, ಬೆಲ್ಟ್ ಮೇಲಕ್ಕೆ ಜಾರದಂತೆ ಹಿಡಿಯುವುದು ಅದೇ. ಸುಮಾರು ಹತ್ತು ವರ್ಷದವರೆಗೆ ಮಕ್ಕಳಲ್ಲಿ ಅದು ಸರಿಯಾಗಿ ಬೆಳೆದಿರುವುದಿಲ್ಲ. ಇನ್ನು ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ. ಮಗು ಅದನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತದೆ, ಇಲ್ಲವೇ ಬೆನ್ನ ಹಿಂದೆ ಹಾಕಿಕೊಳ್ಳುತ್ತದೆ. ಕೆಲವೊಮ್ಮೆ ಅಮ್ಮನೇ "ಚುಚ್ಚುತ್ತೆ ಪಾಪ" ಅಂತ ಹಾಗೆ ಹಾಕಿಕೊಡುತ್ತಾರೆ. ಈಗ ಇಡೀ ಮೈ ತಡೆಯುವ ಕೆಲಸ ಹೊಟ್ಟೆಯ ಮೇಲಿನ ಪಟ್ಟಿಯದು ಮಾತ್ರ. ನಾನು ನೋಡುವ ಗೆರೆ ಬೀಳುವುದು ಹೀಗೆ.

ಬೂಸ್ಟರ್ ಸೀಟ್ ಅನ್ನುವುದು ಇದಕ್ಕೇ. ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ, ಮಗುವನ್ನು ಎತ್ತರಿಸಿ ಬೆಲ್ಟನ್ನು ತೊಡೆಯ ಬುಡಕ್ಕೂ ಹೆಗಲ ನಡುವಿಗೂ ತರುತ್ತದೆ, ಅಷ್ಟೇ. ದಿಂಬು ಅಥವಾ ಮಡಚಿದ ಕಂಬಳಿ ಇಟ್ಟರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಡಿಕ್ಕಿಯಲ್ಲಿ ದಿಂಬು ಕುಗ್ಗಿ ಜಾರುತ್ತದೆ, ಮಗು ಬೆಲ್ಟಿನ ಕೆಳಗೆ ನುಸುಳುತ್ತದೆ. ಬೂಸ್ಟರ್ ಯಾವಾಗ ಬಿಡಬೇಕು ಅನ್ನುವುದಕ್ಕೆ ವಯಸ್ಸಿಗಿಂತ ಎತ್ತರ ನೋಡಿ. ಸುಮಾರು 145 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಒಂಬತ್ತು ಇಂಚು. ಬೆನ್ನು ಸೀಟಿಗೆ ತಾಗಿ, ಮಂಡಿ ಅಂಚಿನಲ್ಲಿ ಮಡಚಿ, ಬೆಲ್ಟ್ ತೊಡೆಯ ಬುಡದಲ್ಲೇ ಇದ್ದು, ಊರು ಸೇರುವವರೆಗೂ ಹಾಗೇ ಕೂರಲು ಆಗಬೇಕು. ಹೆಚ್ಚಿನ ಮಕ್ಕಳು ಅಲ್ಲಿಗೆ ಮುಟ್ಟುವುದು ಎಂಟರಿಂದ ಹನ್ನೆರಡು ವರ್ಷದೊಳಗೆ.

ಇನ್ನೂ ಚಿಕ್ಕವರ ಲೆಕ್ಕ ಬೇರೆ. ಒಂದರಿಂದ ನಾಲ್ಕು ವರ್ಷದ ಮಗುವಿಗೆ ಕಾರಿನ ಬೆಲ್ಟ್ ಯಾವ ರೀತಿಯಲ್ಲೂ ಹೊಂದುವುದಿಲ್ಲ. ಚೈಲ್ಡ್ ಸೀಟ್, ಅಂದರೆ ಕಾರಿನ ಸೀಟಿನ ಮೇಲೆ ಕಟ್ಟುವ ಮಕ್ಕಳ ಸೀಟೇ ಬೇಕು. ಅದರದೇ ಐದು ಬಿಂದುವಿನ ಪಟ್ಟಿ ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಹಿಡಿಯುತ್ತದೆ. ಹಸುಗೂಸಿಗೆ ಅದೂ ಸಾಲದು. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಮೃದ್ವಸ್ಥಿಯೇ ಜಾಸ್ತಿ. ಮುಂದೆ ಮುಖ ಮಾಡಿ ಕೂರಿಸಿದರೆ ಡಿಕ್ಕಿಯಲ್ಲಿ ಮೈ ನಿಲ್ಲುತ್ತದೆ, ತಲೆ ನಿಲ್ಲುವುದಿಲ್ಲ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿಗೆ ಒರಗುತ್ತವೆ. ಹಿಡಿಯಲು ಗಟ್ಟಿ ಮೂಳೆ ಇಲ್ಲದಿರುವಾಗ ಇಡೀ ಬೆನ್ನಿಗೆ ಹಂಚುವುದೊಂದೇ ದಾರಿ. ಯುರೋಪಿನ ಐ-ಸೈಜ್ ನಿಯಮದ ಪ್ರಕಾರ ಕನಿಷ್ಠ 15 ತಿಂಗಳು ಹೀಗೆ ಕೂರಿಸಬೇಕು. ಆ ಸೀಟಿಗೆ ಹೇಳಿರುವ ಮಗುವಿನ ತೂಕ, ಎತ್ತರದ ಮಿತಿ ಮುಗಿಯುವವರೆಗೂ ಹಾಗೇ ಬಿಡಿ ಅನ್ನುವುದು ನನ್ನ ಸಲಹೆ.

"ಕಾಲು ಮಡಚ್ಕೊಂಡಿರುತ್ತೆ, ನೋಯಲ್ವಾ ಡಾಕ್ಟ್ರೇ?" ಅಂತ ಅಜ್ಜಿಯರು ಕೇಳುತ್ತಾರೆ. ಮನೆಯಲ್ಲಿ ಅದೇ ಮಗು ದಿನವಿಡೀ ಚಕ್ಕಳಮಕ್ಕಳ ಹಾಕಿಕೊಂಡೇ ಕೂತಿರುತ್ತದೆ ಅಲ್ವಾ ಅಜ್ಜಿ ಅನ್ನುತ್ತೇನೆ. ಕಾಲು ಮುರಿದರೆ ಪ್ಲಾಸ್ಟರ್ ಹಾಕಿ ಸರಿಮಾಡಬಹುದು, ಕುತ್ತಿಗೆಗೆ ಹಾಗಾಗದು.

ಹಿಂದಕ್ಕೆ ಮುಖ ಮಾಡಿದ ಈ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬೇಡಿ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವ ಮುಂಚೆಯೇ ಉಬ್ಬಿ, ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದೆಯೇ ಹೊಡೆಯುತ್ತದೆ. ಸನ್ ವೈಸರ್ ಮೇಲೆ ಮಗುವಿನ ಸೀಟಿಗೆ ಅಡ್ಡಗೀಟು ಎಳೆದ ಚಿತ್ರ ಇರುವುದು ಇದಕ್ಕೇ.

ನಮ್ಮಲ್ಲಿ ಮಗುವಿನ ಮೊದಲ ಕಾರು ಪ್ರಯಾಣ ಹೆರಿಗೆ ಆಸ್ಪತ್ರೆಯಿಂದ ತವರು ಮನೆಗೆ. ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಅಜ್ಜಿಯ ಮಡಿಲಲ್ಲಿ. "ನಾನು ಗಟ್ಟಿಯಾಗಿ ಹಿಡ್ಕೋತೀನಿ" ಅನ್ನುವ ಮಾತಲ್ಲಿ ಪ್ರೀತಿ ಇದೆ, ಲೆಕ್ಕ ಇಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಗುದ್ದಿ ನಿಂತರೆ ಹತ್ತು ಕೆಜಿಯ ಮಗು ಆ ಕ್ಷಣಕ್ಕೆ ಇನ್ನೂರರಿಂದ ಮುನ್ನೂರು ಕೆಜಿಯಷ್ಟು ಎಳೆಯುತ್ತದೆ. ಎಗರಿ ಬಂದ ಎರಡು ಕ್ವಿಂಟಾಲ್ ಮೂಟೆಯನ್ನು ತೋಳಲ್ಲಿ ಯಾರು ತಡೆದಾರು? ಅಜ್ಜಿಯೂ ಬೆಲ್ಟ್ ಹಾಕಿಲ್ಲದಿದ್ದರೆ ಅವರ ತೂಕವೆಲ್ಲ ಮಗುವಿನ ಮೇಲೆಯೇ. ಅಪ್ಪನ ಮಡಿಲಲ್ಲಿ ಕೂತು ಸ್ಟೀರಿಂಗ್ ಹಿಡಿಯುವ ಮಗು, ಸನ್‌ರೂಫಿನಲ್ಲಿ ತಲೆ ಹೊರಹಾಕಿ ನಿಂತ ಮಗು ಬಗ್ಗೆ ಬರೆಯಲೂ ಮನಸ್ಸಿಲ್ಲ.

ಏಳೆಂಟು ತಿಂಗಳಾದಾಗಲೇ ಸೀಟ್ ತಂದಿಟ್ಟು ಕಾರಿಗೆ ಕಟ್ಟಿ ನೋಡಿ ಅಂತ ಬಸುರಿಯರಿಗೆ ಹೇಳುತ್ತೇನೆ. ಅವರಿಗೆ ತಮ್ಮ ಬೆಲ್ಟಿನ ಬಗ್ಗೆಯೂ ಭಯವಿರುತ್ತದೆ. ಬೆಲ್ಟ್ ಬಿಡಬಾರದು. ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ ಸೊಂಟದ ಮೂಳೆಗೆ ತಾಗಿ, ಮೇಲಿನ ಪಟ್ಟಿ ಎದೆಗಳ ನಡುವೆ ಬಂದು ಉಬ್ಬಿನ ಪಕ್ಕಕ್ಕೆ ಇಳಿಯಬೇಕು.

ಸೀಟ್ ಕೊಂಡವರೂ ಎಡವುವುದು ಕಟ್ಟುವಲ್ಲಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಆಡಿದರೆ ಕಟ್ಟಿದ್ದು ಸಡಿಲ. ಕಾರಿನಲ್ಲಿ ಐಸೋಫಿಕ್ಸ್, ಅಂದರೆ ಬೆಲ್ಟ್ ಬದಲು ಕೊಂಡಿಗೆ ಚೈಲ್ಡ್ ಸೀಟ್ ಸಿಕ್ಕಿಸುವ ಏರ್ಪಾಡು ಇದ್ದರೆ ಹಿಂದಿನ ಸೀಟಿನ ಬೆನ್ನು ಮತ್ತು ಮೆತ್ತೆಯ ಸಂದಿನಲ್ಲಿ ಲೋಹದ ಕೊಂಡಿಗಳು ಕೈಗೆ ಸಿಗುತ್ತವೆ. ಅದರ ಜೊತೆಗೆ ಚೈಲ್ಡ್ ಸೀಟಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಕಟ್ಟುವ ಟೆದರ್ ಪಟ್ಟಿ ಅಥವಾ ನೆಲಕ್ಕೆ ಊರುವ ಕಾಲು ಇದ್ದರೆ ಅದನ್ನೂ ಹಾಕಲೇಬೇಕು. ಮಗುವಿನ ಹೆಗಲ ಮೇಲೆ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಕೈಗೆ ಸಿಕ್ಕರೆ ಇನ್ನೂ ಬಿಗಿ ಮಾಡಬೇಕು. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಪಟ್ಟಿ ಹೆಗಲ ಮಟ್ಟದಿಂದಲೋ ಸ್ವಲ್ಪ ಕೆಳಗಿನಿಂದಲೋ ಬರಬೇಕು, ಮುಂದಕ್ಕೆ ಮುಖ ಮಾಡಿದ್ದರಲ್ಲಿ ಹೆಗಲ ಮಟ್ಟದಿಂದಲೋ ಸ್ವಲ್ಪ ಮೇಲಿನಿಂದಲೋ. ಸ್ವೆಟರ್, ಶಾಲು ಸುತ್ತಿ ಮೇಲೆ ಪಟ್ಟಿ ಹಾಕಿದರೆ ಡಿಕ್ಕಿಯಲ್ಲಿ ಉಣ್ಣೆ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಮಡಿಕೇರಿ ಚಳಿಯೇ ಇರಲಿ, ಮೊದಲು ಪಟ್ಟಿ, ಆಮೇಲೆ ಅದರ ಮೇಲೆ ಶಾಲು. ಹಸುಗೂಸಿನ ಗದ್ದ ಎದೆಗೆ ಒತ್ತಿಕೊಂಡರೆ ಉಸಿರು ಕಟ್ಟಬಹುದು, ಸೀಟು ಸರಿಯಾಗಿ ಒರಗಿರಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಿ.

ಹೊಸ ಕಾರು ಕೊಳ್ಳುವವರು ಈಗ ಸುರಕ್ಷತೆಯ ಸ್ಟಾರ್ ಕೇಳುತ್ತಾರೆ, ಒಳ್ಳೇದು. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ, ಕಾರುಗಳನ್ನು ಗುದ್ದಿಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡುತ್ತದೆ. ಮಕ್ಕಳ ಸ್ಟಾರಿಗೆ ಪರೀಕ್ಷೆ ಮಾಡುವುದು ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವಿನ ಅಳತೆಯ ಗೊಂಬೆಗಳನ್ನು ಚೈಲ್ಡ್ ಸೀಟಿನಲ್ಲಿ ಕಟ್ಟಿ. ನಿಮ್ಮ ಮಗು ಮಡಿಲಲ್ಲಿದ್ದರೆ ಆ ಐದು ಸ್ಟಾರ್ ನಿಮ್ಮ ಮಗುವಿನದಲ್ಲ.

ದೊಡ್ಡವರು ಹಿಂದೆ ಕೂತರೆ ಬೆಲ್ಟ್ ಬೇಡ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಪಕ್ಕದಲ್ಲಿದ್ದವರೂ ಉಳಿಯಲಿಲ್ಲ, ಮುಂದಿದ್ದ ಇಬ್ಬರು ಉಳಿದರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ ಆ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ, ಅವರಲ್ಲಿ ಅರ್ಧದಷ್ಟು ಪ್ರಯಾಣಿಕರು. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ ಬೆಲ್ಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಓಡಿಸಿದರೂ ಅಷ್ಟೇ ದಂಡ. 'ಬೆಲ್ಟ್ ಅಥವಾ' ಅನ್ನುವಲ್ಲೇ ನನ್ನ ತಕರಾರು. ಮೂರು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಿದರೆ ಪೊಲೀಸರು ಬಿಡಬಹುದು, ಡಿಕ್ಕಿ ಬಿಡುವುದಿಲ್ಲ.

ಹಿಂದಿನ ಬೆಲ್ಟ್ ಹಾಕೋಣ ಅಂದರೂ ಬಕಲ್ ಸಿಗಬೇಕಲ್ಲ. ಅಂಗಡಿಯಲ್ಲಿ ಹಾಕಿಸಿದ ಸೀಟ್ ಕವರಿನ ಕೆಳಗೆ ಅದು ಹೂತುಹೋಗಿರುತ್ತದೆ. ಕೈ ತೂರಿಸಿದರೆ ಚಿಲ್ಲರೆ ಕಾಸು, ಕಡಲೆಕಾಯಿ ಸಿಪ್ಪೆ, ಕೊನೆಗೆ ಬಕಲ್. ಕವರ್ ಹಾಕಿಸುವಾಗಲೇ ನಿಂತು ಬಕಲ್ ಮೇಲೆ ತೆಗೆಸಿ. ಟ್ಯಾಕ್ಸಿಯಲ್ಲಿ ಬಕಲ್ ಇಲ್ಲದಿದ್ದರೆ ಇಳಿದು ಬೇರೆ ಗಾಡಿ ಕರೆಯಿರಿ. ಬೀಪ್ ಶಬ್ದ ನಿಲ್ಲಿಸಲು ಸಿಕ್ಕಿಸುವ ಖಾಲಿ ಕ್ಲಿಪ್‌ಗಳನ್ನು ತೆಗೆದುಹಾಕುವಂತೆ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಡಬೇಕಾಯಿತು ಅಂದರೆ ನಮ್ಮ ಜಾಣತನ ಎಲ್ಲಿಗೆ ಮುಟ್ಟಿದೆ ನೋಡಿ.

ಕೊನೆಗೆ, ಹಳೇ ಸೀಟ್ ಬಗ್ಗೆ. ಅಕ್ಕನ ಮಗನಿಗೆ ತಂದದ್ದು ಅಂತಾದರೆ ಬಳಸಬಹುದು, ಅದರ ಚರಿತ್ರೆ ಗೊತ್ತಿರುತ್ತದೆ. ಅವಧಿ ಮುಗಿದಿಲ್ಲವಾ, ಪಟ್ಟಿ ಬಕಲ್ ಗಟ್ಟಿ ಇದೆಯಾ ನೋಡಿಕೊಳ್ಳಿ. ಗುರುತಿಲ್ಲದವರಿಂದ ಕೊಳ್ಳಬೇಡಿ. ಜೋರಾಗಿ ಗುದ್ದಿದ ಕಾರಿನಲ್ಲಿದ್ದ ಸೀಟ್ ಹೊರಗಿನಿಂದ ಹೊಸದರ ಹಾಗೆ ಕಂಡರೂ ಪ್ಲಾಸ್ಟಿಕ್ ಒಳಗೆ ಬಿರುಕು ಬಿಟ್ಟಿರಬಹುದು. ಅಂಥದ್ದನ್ನು ಎಸೆಯುವ ಮುಂಚೆ ಕತ್ತರಿಯಿಂದ ಪಟ್ಟಿಗಳನ್ನೆಲ್ಲ ಕತ್ತರಿಸಿಬಿಡಿ. ಹಾಗೇ ಇಟ್ಟರೆ ಯಾರಾದ್ರೂ ಎತ್ತಿಕೊಂಡು ಹೋಗಿ ತಮ್ಮ ಮಗುವನ್ನು ಅದರಲ್ಲಿ ಕೂರಿಸುತ್ತಾರೆ.