ಡ್ಯಾನ್ಸ್ ಮಾಡಿದರೆ ತೂಕ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 24 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 80 ಕಿಲೋ. ಜಿಮ್ ಅಂದ್ರೆ ಭಯ. ವಾಕಿಂಗ್ ಶುರು ಮಾಡಿದರೆ ಮೂರನೇ ದಿನಕ್ಕೆ ನಿಂತುಹೋಗುತ್ತದೆ. ಕುಣಿಯೋದು ಮಾತ್ರ ಇಷ್ಟ. ಡ್ಯಾನ್ಸ್ ಮಾಡಿದರೆ ನಿಜಕ್ಕೂ ತೂಕ ಇಳಿಯುತ್ತಾ?

ಉತ್ತರ: ಸ್ವಲ್ಪ ಇಳಿಯುತ್ತದೆ. ಆದರೆ ತೂಕದ ಮೆಷಿನ್ ಒಂದನ್ನೇ ನೋಡುತ್ತಾ ಕೂತರೆ ಎರಡೇ ತಿಂಗಳಲ್ಲಿ ಬೇಸರವಾಗಿ ಬಿಟ್ಟುಬಿಡುತ್ತೀರಿ. ಆಗ ಕೈತಪ್ಪುವುದು ತೂಕಕ್ಕಿಂತ ದೊಡ್ಡ ಲಾಭ.

ಮೊದಲು ಲೆಕ್ಕ ನೋಡೋಣ. 80 ಕಿಲೋ ತೂಕದವರು ಜಿಗಿತವಿಲ್ಲದ ಏರೋಬಿಕ್ ಡ್ಯಾನ್ಸ್ ಅರ್ಧ ಗಂಟೆ ಮಾಡಿದರೆ ಸುಮಾರು 200 ಕ್ಯಾಲೊರಿ ಖರ್ಚು. ಸುಮ್ನೆ ಕೂತಿದ್ದರೂ 40 ಹೋಗುತ್ತಿತ್ತು, ಅದನ್ನು ಕಳೆಯಿರಿ. ಉಳಿದದ್ದು 160. ವಾರಕ್ಕೆ ಐದು ದಿನ ಕುಣಿದರೆ 800, ತಿಂಗಳಿಗೆ 3,400ರ ಹತ್ತಿರ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಬೇಕು. ಅಂದರೆ ಒಂದು ತಿಂಗಳು ಬೆವರು ಸುರಿಸಿದರೂ ಅರ್ಧ ಕಿಲೋ ಮುಟ್ಟುವುದಿಲ್ಲ! ಕ್ಲಾಸ್ ಮುಗಿಸಿ ಬರುವಾಗ ಒಂದು ಮಸಾಲೆ ದೋಸೆ ತಿಂದರೆ ಆವತ್ತಿನ ಲೆಕ್ಕ ಚುಕ್ತಾ. 'ತಿಂಗಳಿಗೆ ಹತ್ತು ಕಿಲೋ' ಎಂದು ಬೋರ್ಡ್ ಹಾಕುವವರು ಈ ಲೆಕ್ಕವನ್ನು ಹೇಳುವುದಿಲ್ಲ. ತೂಕ ಇಳಿಯುವುದರಲ್ಲಿ ತಟ್ಟೆಯ ಪಾಲೇ ಜಾಸ್ತಿ.

ಹಾಗಾದರೆ ಯಾಕೆ ಕುಣಿಯಬೇಕು? ಕೆಲಸ ಮಾಡುವ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಸಕ್ಕರೆಯನ್ನು ಹಿಡಿತದಲ್ಲಿಡುವ ಹಾರ್ಮೋನ್ ಇನ್ಸುಲಿನ್; ಅದರ ಮಾತು ಕೇಳದೆ ಮೊಂಡಾಗಿದ್ದ ದೇಹ ಮತ್ತೆ ಕೇಳಲು ಶುರು ಮಾಡುತ್ತದೆ. ಒಂದು ದಿನದ ವ್ಯಾಯಾಮದ ಈ ಪರಿಣಾಮ ಒಂದೆರಡು ದಿನ ಇರುತ್ತದೆ, ಆಮೇಲೆ ಕರಗಿಹೋಗುತ್ತದೆ. ಅದಕ್ಕೇ ಭಾನುವಾರ ಎರಡು ಗಂಟೆ ಕುಣಿದು ಉಳಿದ ವಾರವೆಲ್ಲ ಸೋಫಾ ಮೇಲೆ ಕೂತರೆ ಅಷ್ಟು ಪ್ರಯೋಜನವಿಲ್ಲ. ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡಬೇಡಿ. ಹೊಟ್ಟೆಯೊಳಗೆ ಲಿವರ್, ಕರುಳಿನ ಸುತ್ತ ಕೂತಿರುವ ಕೊಬ್ಬು ತೂಕ ಅಲುಗಾಡದಿದ್ದರೂ ಕಡಿಮೆಯಾಗಬಹುದು. ಸಕ್ಕರೆ ಕಾಯಿಲೆ, ಬಿಪಿ ತಂದಿಡುವುದರಲ್ಲಿ ಅದೇ ಮುಖ್ಯ ಆರೋಪಿ. ಪಿಸಿಓಡಿಯಿಂದ (ಹಾರ್ಮೋನ್ ಏರುಪೇರಿನ, ಅಂಡಾಶಯಕ್ಕೆ ಸಂಬಂಧಿಸಿದ ತೊಂದರೆ) ಮುಟ್ಟು ಏರುಪೇರಾದವರಲ್ಲಿ, ಇದರ ಜೊತೆಗೆ ಊಟವೂ ಹಿಡಿತಕ್ಕೆ ಬಂದು ತೂಕದ 5ರಿಂದ 10 ಪರ್ಸೆಂಟ್ ಇಳಿದರೆ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ನಿಮ್ಮ ವಿಷಯದಲ್ಲಿ ಅದು 4ರಿಂದ 8 ಕಿಲೋ, 30 ಕಿಲೋ ಅಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 32ರ ಆಸುಪಾಸು. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ನಮ್ಮ ವೈದ್ಯರು ಎಣಿಸುತ್ತಾರೆ. ಹಾಗಂತ ಅಂಜಬೇಡಿ, ಒಂಟಿಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿ ಮೀರಿತ್ತು.

ವಾಕಿಂಗ್‌ಗಿಂತ ಡ್ಯಾನ್ಸ್ ಮೇಲಾ ಅಂದರೆ, ಕ್ಯಾಲೊರಿಯಲ್ಲಿ ಸ್ವಲ್ಪ ಮೇಲು. ಆದರೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಬೇರೆ. ವಾಕಿಂಗ್ ನಿಮಗೆ ಮೂರು ದಿನಕ್ಕೆ ಬೋರ್ ಆಯಿತು. ಹಾಡು ಹಾಗಲ್ಲ, ನಾಳೆಯೂ ಕರೆಯುತ್ತದೆ. ನಾಳೆಯೂ ಮಾಡುವಂಥದ್ದೇ ಒಳ್ಳೆಯ ವ್ಯಾಯಾಮ, ಅಲ್ವಾ? ಲ್ಯಾಟಿನ್ ಹಾಡುಗಳಿಗೆ ಕುಣಿಯುವ ವ್ಯಾಯಾಮ ಜುಂಬಾ ಹುಟ್ಟಿದ ಕಥೆಯೂ ಹೀಗೇ. 1990ರ ದಶಕದಲ್ಲಿ ಕೊಲಂಬಿಯಾದ ಬೆಟೊ ಪೆರೆಸ್ ಏರೋಬಿಕ್ಸ್ ಕ್ಲಾಸಿಗೆ ಕ್ಯಾಸೆಟ್ ತರುವುದನ್ನು ಮರೆತರಂತೆ. ಬ್ಯಾಗಿನಲ್ಲಿದ್ದ ಸಾಲ್ಸಾ ಹಾಡುಗಳನ್ನೇ ಹಾಕಿ ಕುಣಿಸಿದರು. ಬಂದವರಿಗೆ ಅದೇ ಹಿಡಿಸಿತು.

ಜುಂಬಾನೇ ಆಗಬೇಕೆಂದಿಲ್ಲ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತು ಎಸ್ಸೆಸ್ಸೆಲ್ಸಿ ಬಂದಾಗ ಗೆಜ್ಜೆ ಕಟ್ಟಿಟ್ಟವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ನೀವೂ ಅವರಲ್ಲೊಬ್ಬರಾದರೆ, ಪಾದ ತಟ್ಟುವ ಮೊದಲ ಪಾಠ ತಟ್ಟಡವು ನೆನಪಿದೆಯಾ ನೋಡಿ. ಮೊದಲ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ, ಮೈ ಬಿಸಿಯಾಗುತ್ತದೆ, ಎರಡನೇ ಕಾಲದಲ್ಲಿ ಎದೆ ಬಡಿತ ಏರುತ್ತದೆ. ಮೂರನೇ ಕಾಲ ಸದ್ಯಕ್ಕೆ ಬೇಡ! ಮಂಡಿ ಬಗ್ಗಿಸಿ ಅರ್ಧ ಕೂರುವ ಅರಮಂಡಿಯೂ ಪೂರ್ತಿ ಬೇಡ, ಕಾಲು ಭಾಗ ಕೂತರೆ ಸಾಕು. ಪಾದ ತಟ್ಟುವುದೂ ಮೆತ್ತಗಿರಲಿ, ಕೆಳಗೆ ಮ್ಯಾಟ್ ಇರಲಿ. ಬರೀ ಟೈಲ್ಸ್ ಹಿಮ್ಮಡಿಗೂ ಮಂಡಿಗೂ ಶತ್ರು. ಕೋಲಾಟವೂ ಚೆನ್ನಾಗಿದೆ, ಆದರೆ ಜೊತೆಗೆ ಜನ ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ. ಕೇಳಿ ಸುಸ್ತಾಗಬೇಡಿ. ಮೊದಲ ವಾರ ದಿನಕ್ಕೆ ಎರಡು ಹಾಡು ಸಾಕು, ಆಮೇಲೆ ವಾರಕ್ಕೊಂದು ಹಾಡು ಸೇರಿಸಿ. ಏಳು ಹಾಡಿಗೆ ಅರ್ಧ ಗಂಟೆ ಆಗುತ್ತದೆ. ವೇಗ ಸರಿಯಿದೆಯಾ ಅಂತ ನೋಡಲು ವಾಚ್ ಬೇಕಿಲ್ಲ. ಕುಣಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಿನ ಜೊತೆ ಆರಾಮಾಗಿ ದನಿಗೂಡಿಸುತ್ತಿದ್ದೀರಾ? ಸ್ವಲ್ಪ ಜೋರು ಮಾಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೊದಲ ತಿಂಗಳು ಜಿಗಿಯಬೇಡಿ. ಒಂದು ಪಾದ ಯಾವಾಗಲೂ ನೆಲದ ಮೇಲಿರಲಿ. ಇದು ಅನುಭವದ ಮಾತು. ನಾನು ಸೇರಿದ್ದ ಒಂದು ಕ್ಲಾಸಿನಲ್ಲಿ ಮೊದಲ ದಿನವೇ ಎಲ್ಲರನ್ನೂ ಕುಪ್ಪಳಿಸಿದರು. ಕಾಲು ಉಳುಕಿ ಮೂರು ವಾರ ಕುಂಟಿದೆ, ಫೀಸೂ ಹೋಯಿತು. ತಿರುಗುವಾಗ ಪಾದವನ್ನು ನೆಲಕ್ಕೆ ಒತ್ತಿ ತಿರುಚಬೇಡಿ, ಎತ್ತಿ ಇಡಿ. ಬಿಗಿಯಾದ ಸ್ಪೋರ್ಟ್ಸ್ ಬ್ರಾಗೆ ದುಡ್ಡು ಹಾಕಿ, ದುಬಾರಿ ಲೆಗ್ಗಿಂಗ್ಸ್ ಆಮೇಲೆ ನೋಡೋಣ. ಜನರೆದುರು ಮುಜುಗರವಾದರೆ ಬಾಗಿಲು ಹಾಕಿಕೊಂಡು ಕುಣಿಯಿರಿ. ಜಿಗಿಯದಿದ್ದರೆ ಕೆಳಗಿನ ಮನೆಯವರೂ ಬಾಗಿಲು ಬಡಿಯುವುದಿಲ್ಲ. ಮುಟ್ಟಿನ ದಿನಗಳಲ್ಲೂ ಕುಣಿಯಬಹುದು, ನೋವಿದ್ದರೆ ಬಿಡಿ.

ಎದೆನೋವು, ತಲೆಸುತ್ತು, ನಾಲ್ಕು ಮೆಟ್ಟಿಲಿಗೇ ಏದುಸಿರು, ಮಂಡಿ ಊತ ಇದ್ದರೆ ಮೊದಲು ಡಾಕ್ಟರನ್ನು ನೋಡಿ. ಇಲ್ಲದಿದ್ದರೂ ಶುರುವಿಗೆ ಒಮ್ಮೆ ಬಿಪಿ, ಥೈರಾಯ್ಡ್, ಎಚ್‌ಬಿಎ1ಸಿ ನೋಡಿಸಿಕೊಳ್ಳಿ. ಮನೆಯಲ್ಲಿ ಟೈಲರ್ ಟೇಪಿನಿಂದ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಳತೆ ತೆಗೆದು ಬರೆದಿಡಿ. ನಮ್ಮ ಹೆಂಗಸರಿಗೆ ಅದು 80 ಸೆಂಟಿಮೀಟರ್ ಒಳಗಿರಬೇಕು. ಎಚ್‌ಬಿಎ1ಸಿ ತೋರಿಸುವುದು ಎರಡು ಮೂರು ತಿಂಗಳ ಸರಾಸರಿ ಸಕ್ಕರೆ, ಹಾಗಾಗಿ ಮೂರು ತಿಂಗಳು ಕುಣಿದ ಮೇಲೆ ಮತ್ತೆ ನೋಡಿಸಿ, ಟೇಪನ್ನೂ ಹಿಡಿಯಿರಿ. ಅಲ್ಲಿವರೆಗೆ ತೂಕದ ಮೆಷಿನ್ ಮಂಚದ ಕೆಳಗಿರಲಿ.